ಇವತ್ತ ಯಾರರ ಓದ್ಯಾರೇನು?

"ಖಾತಿ ತೆರೆಯೋದು ಹ್ಯಾಂಗಂತ ಒಂದ್ ತಾಸು ಹೇಳಿದ್ರಿ ಮೇಡಂ. ಮುಚ್ಚೋದು ಹ್ಯಾಂಗಂತ ಜರಾ ಹೇಳ್ತೀರೇನು?"

ಹಿಂದಿನ ಸಾಲಿನಿಂದ ಬಂದ ಆ ಒಂದು ಪ್ರಶ್ನೆಗೆ ಜಹೀರಾಬಾದಿನ ಆ ಕಂಪ್ಯೂಟರ್ ಟ್ಯೂಶನ್ ಕೋಣೆಯೆಲ್ಲ ಹಿಂದಕ್ಕೆ ತಿರುಗಿ ನೋಡಿತು.

ಧಮ್ಮಶೀಲಾ ಮೈಕು ಹಿಡಿದುಕೊಂಡೇ ನಿಂತುಬಿಟ್ಟಳು. ಇಂಥ ಪ್ರಶ್ನೆಗೆ ಕಂಪನಿಯವರು ಕೊಟ್ಟ ತರಬೇತಿಯಲ್ಲಿ ಉತ್ತರವೇ ಇರಲಿಲ್ಲ!

'ಪಡಸಾಲೆ' ಎಂಬ ಆ್ಯಪ್‌ಗೆ ಹೊಸ ಬರಹಗಾರರನ್ನು ಸೇರಿಸುವುದು ಅವಳ ಕೆಲಸ. ನಿಮ್ಮ ಮನಸ್ಸಿನ ಮಾತು ಬರೆದು ಹಾಕಿ, ಓದಿದವರು ಮೆಚ್ಚಿ 'ಮುತ್ತು' ಕೊಡುತ್ತಾರೆ, ತಿಂಗಳ ಕೊನೆಗೆ ಆ ಮುತ್ತುಗಳೇ ರೊಕ್ಕವಾಗಿ ನಿಮ್ಮ ಬ್ಯಾಂಕಿಗೆ ಬರುತ್ತವೆ... ಹೀಗೆ ಹೇಳುವಾಗ ಮುಂದಿನ ಸಾಲಿನ ಹೆಂಗಸರು "ಓದಿದವರು ಮುತ್ತು ಕೊಡ್ತಾರಂತವ್ವಾ!" ಎಂದು ಸೆರಗು ಬಾಯಿಗೊತ್ತಿಕೊಂಡು ನಕ್ಕಿದ್ದರು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಈಗ ಇವನೊಬ್ಬ!

"ಯಾಕ್ರಿ, ಏನಾತು?" ಎಂದಳು, ನಗು ಬಿಡದೆ.

ಅವನು ಎದ್ದು ನಿಂತ. ಎತ್ತರದ ಆಳು. ಅಂಗಿಯ ತೋಳಿನ ಮೇಲೆ ಬೂದು ಬಣ್ಣದ ಕಲ್ಲಿನ ಪುಡಿ. ತಾಂಡೂರಿನ ಯಾವುದೋ ಕಲ್ಲಿನ ಯಾರ್ಡಿನಿಂದ ನೇರವಾಗಿ ಬಂದವನ ಹಾಗಿದ್ದ.

"ಖಾತಿ ನಂದಲ್ಲರಿ, ನಮ್ಮವ್ವಂದು. ಮರೆಮ್ಮ ಅಂತ. ಸಿರ್ಗಾಪುರ ಕಡೆ ಕುರಿ ಮೇಸ್ತಾಳ. ಓದಾಕ ಬರಿಯಾಕ ಬರಂಗಿಲ್ಲ. ದಿನಾ ಸಂಜಿಕ ಫೋನಿನ್ಯಾಗ ಕುರಿ ಸುದ್ದಿ ಹೇಳ್ತಾಳ, ನಾ ತಾಂಡೂರಾಗ ಕುಂತು ಬರ್ದು ಹಾಕ್ತೀನಿ. ನಲವತ್ತು ದಿನ ಆತು. ಒಬ್ಬರೂ ಓದಿಲ್ಲ."

"ಹೊಸಬರಿಗೆ ಸ್ವಲ್ಪ ತಾಳ್ಮಿ ಬೇಕಾಗ್ತದರಿ..."

"ತಾಳ್ಮಿ ನಂಗ ಭಾಳ ಅದ. ಮೊದಲು ಬಂದೋರು ಒಬ್ರಿಗೊಬ್ರು ಮುತ್ತು ಕೊಟ್ಕೊಂಡು ಕುಂತಾರ. ಹೊಸಬರ ಕಡಿ ಯಾರೂ ಹೊಳ್ಳಿ ನೋಡಂಗಿಲ್ಲ. ಇರ್ಲಿ ಬಿಡ್ರಿ. ಆದ್ರ ಅವ್ವ ದಿನಾ ಕೇಳ್ತಾಳ, 'ಇವತ್ತ ಯಾರರ ಓದ್ಯಾರೇನು?' ಅಂತ. ಮೊದಲ್ನೇ ದಿನ ಹತ್ತು ಮಂದಿ ಅಂದೆ. ಮರುದಿನ ಇಪ್ಪತ್ತು ಅಂದೆ. ಈಗ ಅಕಿ ತಿಳಕೊಂಡಾಳ, ಇಡೀ ತಾಂಡೂರು ಅಕಿ ಮಾತು ಓದಾಕತ್ತದ ಅಂತ!"

ಯಾರೋ ನಕ್ಕರು. ನಕ್ಕವರೇ ತಟ್ಟನೆ ನಿಲ್ಲಿಸಿದರು.

"ಅವ್ವಗ ಇನ್ನಾ ಸುಳ್ಳು ಹೇಳಾಕ ನನ್ನಿಂದ ಆಗಂಗಿಲ್ಲರಿ," ಎಂದ ಅವನು, ಮೆಲ್ಲಗೆ.

ಧಮ್ಮಶೀಲಾ ಅವನ ಕಣ್ಣು ನೋಡಿದಳು. ಸಿಟ್ಟಿರಲಿಲ್ಲ ಅಲ್ಲಿ. ದಣಿವಿತ್ತು. ಆ ದಣಿವು ಅವಳ ಎದೆಗೆ ಸೀದಾ ಬಂದು ತಾಕಿತು.

"ನಿಮ್ಮ ಹೆಸರು?"

"ಅಂಬರೀಶ."

"ಅಂಬರೀಶ್ ಅವರೇ... ಎಂಟು ದಿನ ಟೈಮ್ ಕೊಡ್ರಿ."

"ಎಂಟು ದಿನದಾಗ ಏನಾಗ್ತದ?"

"ಗೊತ್ತಿಲ್ಲರಿ!"

ಬಾಯಿತಪ್ಪಿ ನಿಜವೇ ಹೊರಬಿದ್ದಿತ್ತು. ಅವನ ತುಟಿಯ ಒಂದು ತುದಿ ಮಾತ್ರ ನಕ್ಕಿತು. ಮೇಜಿನ ಮೇಲಿದ್ದ ಅವಳ ನಂಬರಿನ ಕಾರ್ಡು ಎತ್ತಿಕೊಂಡು ಹೋಗಿಬಿಟ್ಟ.

ಅವನ ಹಿಂದೆಯೇ ಅರ್ಧ ಕೋಣೆ ಎದ್ದುಹೋಯಿತು.

* * *

ಧಮ್ಮಶೀಲಾಳದು ಮೊಗುಡಂಪಲ್ಲಿ ಕಡೆಯ ಊರು. ಗಡಿಯಾಚೆ ಬೀದರಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬಂದು ಡಿಗ್ರಿ ಮುಗಿಸಿದವಳು. ಅಪ್ಪ ಜೈಪಾಲ ದನದ ದವಾಖಾನೆಯಲ್ಲಿ ಅಟೆಂಡರ್. ಅವ್ವ ಅಂಜಮ್ಮನಿಗೆ ಮಗಳ ಕೆಲಸ ಏನೆಂಬುದು ಇವತ್ತಿಗೂ ಪೂರ್ತಿ ತಿಳಿದಿಲ್ಲ.

ತಿಳಿಯುವುದಾದರೂ ಹೇಗೆ? ಧಮ್ಮಶೀಲಾಳಿಗೇ ಈಚೆಗೆ ಅನುಮಾನ ಶುರುವಾಗಿತ್ತು. ಒಂದೊಂದು ಊರಿಗೆ ಹೋಗುವುದು, ಜನರನ್ನು ಸೇರಿಸುವುದು. ಒಂದು ತಿಂಗಳಿಗೆ ಅವರಲ್ಲಿ ಮುಕ್ಕಾಲು ಮಂದಿ ಮಾಯ! ಹೈದರಾಬಾದಿನಿಂದ ಮ್ಯಾನೇಜರ್ ಪ್ರೇಮಲಾ ಫೋನು ಮಾಡುತ್ತಿದ್ದಳು. "ತರೋದು ದೊಡ್ಡದಲ್ಲ ಶೀಲಾ, ಉಳಿಸ್ಕೋಬೇಕು. ಉಳಿಸ್ಕೋ!"

'ಹೇಗೆ?' ಎಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಸಂಜೆ ಬಸ್ಸಿನ ಕಿಟಕಿಗೆ ಒರಗಿ ಅವಳು ಮರೆಮ್ಮನ ಖಾತೆ ತೆರೆದಳು. ನಲವತ್ತು ಬರಹ. ಎಲ್ಲದರ ಕೆಳಗೂ ಸೊನ್ನೆ.

ಮೊದಲನೆಯದನ್ನು ಓದಿದಳು. ಮರಿ ಸತ್ತ ಒಂದು ಕುರಿ, ತಾಯಿ ಸತ್ತ ಒಂದು ಮರಿ. ಕುರಿ ಆ ಮರಿಯನ್ನು ಹತ್ತಿರಕ್ಕೂ ಬಿಟ್ಟುಕೊಳ್ಳುತ್ತಿಲ್ಲ. ಮರೆಮ್ಮ ಮರಿಯ ಬೆನ್ನಿಗೆ ಉಪ್ಪುನೀರು ಸವರುತ್ತಾಳೆ. ಕುರಿ ಉಪ್ಪಿನ ಆಸೆಗೆ ನೆಕ್ಕುತ್ತದೆ. ನೆಕ್ಕುತ್ತ ನೆಕ್ಕುತ್ತ ಮೂರನೇ ದಿನಕ್ಕೆ ಉಪ್ಪು ಬೇಡವಾಗುತ್ತದೆ, ಮರಿ ಬೇಕಾಗುತ್ತದೆ...

ಕಂಡಕ್ಟರ್ "ಇಳಿಯಮ್ಮಾ, ನಿಮ್ಮೂರು!" ಎಂದು ಎರಡು ಸಲ ಕೂಗಬೇಕಾಯಿತು.

ಮನೆಗೆ ಬಂದವಳೇ, "ಅಪ್ಪಾ, ಉಪ್ಪುನೀರು ಸವರಿದ್ರ ಕುರಿ ಬ್ಯಾರೆ ಮರಿನ್ನ ಕರ್ಕೋತದೇನು?" ಎಂದು ಕೇಳಿದಳು.

ಜೈಪಾಲ ತಿನ್ನುತ್ತಿದ್ದ ರೊಟ್ಟಿ ಬಿಟ್ಟು ಮಗಳನ್ನು ನೋಡಿದ. "ಖರೇ ಅದ. ನಿಂಗ ಯಾರು ಹೇಳಿದ್ರು? ಡಾಕ್ಟ್ರಿಗೇ ಗೊತ್ತಿರಂಗಿಲ್ಲ ಅದು!"

ಊಟವಾದ ಮೇಲೆ ಅವಳು ಮರೆಮ್ಮನ ಬರಹದ ಕೆಳಗೆ ಬರೆದಳು. ಬರೆದು ಅಳಿಸಿದಳು. ಮತ್ತೆ ಬರೆದಳು: "ಅಮ್ಮಾ, ನಮ್ಮಪ್ಪ ದನದ ದವಾಖಾನೆಯಲ್ಲಿದ್ದಾರೆ. ನೀವು ಹೇಳಿದ್ದು ಖರೇ ಅಂದರು. ಆದರೆ ನನಗೊಂದು ಪ್ರಶ್ನೆ. ಆ ಮರಿ ದೊಡ್ಡದಾದ ಮೇಲೆ ಯಾರ ಹಿಂದೆ ನಡೆಯುತ್ತದೆ?"

ಅಂಜಮ್ಮ ಇಣುಕಿ ನೋಡಿದಳು. "ಏನಿದು? ಮೊಬೈಲಿನ್ಯಾಗ ಕುರಿ ಕಾಯಾಕ ಹತ್ತಿ?"

ಮರುದಿನ ಸಂಜೆ ಏಳಕ್ಕೆ ಫೋನು ಬಂತು. ಗೊತ್ತಿಲ್ಲದ ನಂಬರು.

"ನಾ ಅಂಬರೀಶರಿ..."

ಅವಳು ಯಾಕೋ ಎದ್ದು ಅಂಗಳಕ್ಕೆ ಬಂದಳು.

"ಇವತ್ತ ನಾ ಸುಳ್ಳು ಹೇಳ್ಲಿಲ್ಲ. 'ಒಬ್ಬಾಕಿ ಓದ್ಯಾಳವ್ವ' ಅಂದೆ. ನಿಮ್ಮ ಪ್ರಶ್ನಿನೂ ಓದಿ ಹೇಳಿದೆ. ಅವ್ವ ಏನಂದ್ಳು ಗೊತ್ತೇನ್ರಿ? 'ಅಷ್ಟು ಮಂದಿ ಓದಿ ಯಾರೂ ಏನೂ ಕೇಳ್ಲಿಲ್ಲ. ಈಕಿ ಕೇಳ್ಯಾಳ. ಈಕಿ ಖರೇನೆ ಓದ್ಯಾಳ' ಅಂದ್ಳು."

"ಮತ್ತ... ಮರಿ ಯಾರ ಹಿಂದ ನಡೀತದಂತ್ರಿ?"

"ಅದನ್ನ ನಾಳಿಗಿ ಹೇಳ್ತಾಳಂತ. ಓದ್ರಿ!"

ಅವನು ನಗುತ್ತಿದ್ದ. ಫೋನಿಟ್ಟ ಮೇಲೂ ಆ ನಗು ಅವಳ ಕಿವಿಯಲ್ಲೇ ಉಳಿಯಿತು.

* * *

ಮರುದಿನದ ಬರಹದಲ್ಲಿ ಮರೆಮ್ಮನ ಉತ್ತರವಿತ್ತು: ಹೆತ್ತಾಕಿಯ ಹಿಂದಲ್ಲ, ನೆಕ್ಕಿದಾಕಿಯ ಹಿಂದೆ. ಅಲ್ಲಿಂದ ಧಮ್ಮಶೀಲಾಳ ದಿನಚರಿಯೇ ಬದಲಾಯಿತು. ತಾನು ಸೇರಿಸಿದ ಒಬ್ಬೊಬ್ಬರ ಬರಹವನ್ನೂ ಅವಳು ಕೂತು ಓದತೊಡಗಿದಳು. ನಾರಾಯಣಖೇಡದ ಬಂಡಮ್ಮನ ಬೀಸುವ ಹಾಡು, ತಾಂಡೂರಿನ ತೊಗರಿ ಮಾರ್ಕೆಟ್ಟಿನಲ್ಲಿ ಚೀಲ ಹೊಲಿಯುವ ಸಾಯಮ್ಮನ ಸಿಟ್ಟು... ಓದಿ ಏನಾದರೂ ಕೇಳುವಳು. ಆಮೇಲೆ ಬಂಡಮ್ಮನಿಗೆ ಫೋನು ಮಾಡಿ, "ನೀವು ಸಾಯಮ್ಮನದು ಓದ್ರಿ, ಅಕಿ ನಿಮ್ಮದು ಓದ್ತಾಳ" ಎನ್ನುವಳು. ಹೊಸಬರಿಗೆ ಹೊಸಬರೇ ಜೊತೆಯಾದರು. ಬಿಟ್ಟು ಹೋಗುವುದು ನಿಂತಿತು.

ಸಂಜೆ ಏಳರ ಫೋನು ಮಾತ್ರ ನಿಲ್ಲಲಿಲ್ಲ. ಮೊದಲು ಮರೆಮ್ಮನ ಸುದ್ದಿ. ಆಮೇಲೆ ತಾಂಡೂರಿನ ಕಲ್ಲಿನ ಸುದ್ದಿ, ಅವನು ಅಳತೆ ಬರೆದುಕೊಳ್ಳುವ ಲಾರಿಗಳ ಸುದ್ದಿ. ಆಮೇಲೆ ಸುದ್ದಿಯೇ ಇಲ್ಲದ ಮಾತು...

ಏಳಕ್ಕೆ ಐದು ನಿಮಿಷವಿದೆ ಎನ್ನುವಾಗಲೇ ಅವಳು ಮನೆಯಲ್ಲಿ ಕೂಡದೆ ಅಂಗಳಕ್ಕೂ ಬಾಗಿಲಿಗೂ ತಿರುಗುತ್ತಿದ್ದಳು. 'ಏನಾಗಿದೆ ನನಗೆ?' ಎಂದು ತನ್ನನ್ನೇ ಗದರಿಕೊಳ್ಳುವಳು. ಏಳು ಹೊಡೆದು ಎರಡು ನಿಮಿಷವಾದರೆ ಜೀವ ನಿಲ್ಲುತ್ತಿರಲಿಲ್ಲ!

ಒಂದು ದಿನ ತಾಂಡೂರಿಗೆ ಸಭೆಗೆಂದು ಹೋದಾಗ ಅವನು ಸ್ಟೇಷನ್ನಿನ ಎದುರಿನ ಚಹಾ ಅಂಗಡಿಗೆ ಕರೆದೊಯ್ದ. ಗಾಜಿನ ಲೋಟ ಕೈಯಲ್ಲಿ ಹಿಡಿದು ಅವಳು ಇದ್ದಕ್ಕಿದ್ದಂತೆ ಹೇಳಿದಳು.

"ಒಂದು ಮಾತು ಮೊದಲೇ ಹೇಳಿಬಿಡ್ತೀನ್ರಿ. ನಮ್ಮಜ್ಜ ಬುದ್ಧನ ಧಮ್ಮ ತಗೊಂಡ. ಅದಕ್ಕ ನಂಗ ಈ ಹೆಸರು. ನನ್ನ ಹೆಸರು ಕೇಳಿದ್ಮ್ಯಾಲ ಕೆಲವ್ರ ಮನ್ಯಾಗ ಚಹಾದ ಕಪ್ಪು ಬದಲಾಗ್ತದ. ನಿಮಗ ಗೊತ್ತಿರ್ಲಿ ಅಂತ..."

ಅಂಬರೀಶ ಅವಳ ಕೈಯಿಂದ ಅರ್ಧ ಕುಡಿದ ಲೋಟ ತೆಗೆದುಕೊಂಡ. ಒಂದೇ ಗುಟುಕಿಗೆ ಕುಡಿದು ಕೆಳಗಿಟ್ಟ.

"ಆರಿಬಿಟ್ಟಿತ್ತು. ಇನ್ನೊಂದು ಬಿಸಿದು ಹೇಳ್ತೀನಿ," ಎಂದ.

ಆ ಸಂಜೆ ವಾಪಸ್ಸು ಬರುವ ಬಸ್ಸಿನಲ್ಲಿ ಅವಳು ಮುಖ ಕಿಟಕಿಗೆ ತಿರುಗಿಸಿಕೊಂಡೇ ಕೂತಿದ್ದಳು. ನಗು ಅಷ್ಟು ಎದ್ದು ಕಾಣುತ್ತಿತ್ತು!

* * *

ಮೂರು ತಿಂಗಳಿಗೆ ಪ್ರೇಮಲಾಳ ಫೋನು ಬಂತು. "ಶೀಲಾ! ನಿನ್ನ ಕಡೆಯವರು ಯಾರೂ ಬಿಟ್ಟೇ ಹೋಗ್ತಿಲ್ಲ! ಏನು ಮಾಡ್ತಿದ್ದೀಯಾ, ಬರೆದು ಕಳಿಸು."

ಧಮ್ಮಶೀಲಾ ಖುಷಿಯಿಂದ ಎಲ್ಲ ಬರೆದು ಕಳಿಸಿದಳು. ಮರೆಮ್ಮನಿಗೆ ಕೇಳಿದ ಮೊದಲ ಪ್ರಶ್ನೆಯನ್ನೂ ಸೇರಿಸಿ.

ಅದೇ ತಪ್ಪಾಯಿತು.

ತಾಂಡೂರಿನ ಒಂದು ಫಂಕ್ಷನ್ ಹಾಲಿನಲ್ಲಿ 'ಪಡಸಾಲೆ'ಯ ದೊಡ್ಡ ಸಭೆ. ಪ್ರೇಮಲಾಳೇ ಬಂದಿದ್ದಳು. ಮುಂದಿನ ಸಾಲಿನಲ್ಲಿ ಮರೆಮ್ಮ, ಹೊಸ ಇಳಕಲ್ ಸೀರೆ, ಕೈತುಂಬ ಹಸಿರು ಬಳೆ. ಪಕ್ಕದಲ್ಲಿ ಅಂಬರೀಶ. ಧಮ್ಮಶೀಲಾ ದೂರದಿಂದಲೇ ಕೈ ಮುಗಿದಾಗ ಮರೆಮ್ಮ ಎರಡೂ ಕೈಯಿಂದ ದೃಷ್ಟಿ ನಿವಾಳಿಸಿ ನೆಟಿಗೆ ಮುರಿದಿದ್ದಳು.

ದೀಪ ಆರಿತು. ಗೋಡೆಯ ಪರದೆಯ ಮೇಲೆ ಮರೆಮ್ಮನ ಫೋಟೋ ಬಂತು!

"ಅಯ್ಯ, ನಾನಽ!" ಎಂದಳು ಮರೆಮ್ಮ, ಗಟ್ಟಿಯಾಗಿಯೇ. ಎಲ್ಲರೂ ಚಪ್ಪಾಳೆ ತಟ್ಟಿದರು.

ಫೋಟೋದ ಕೆಳಗೆ ದೊಡ್ಡ ಕನ್ನಡ ಅಕ್ಷರಗಳಿದ್ದವು. 'ಮರೆಮ್ಮ. ಬಿಟ್ಟುಹೋಗುವ ಹಂತದ ಬಳಕೆದಾರರು. ಅನುಸರಿಸಿದ ತಂತ್ರ: ಎಂಟು ದಿನದ ಆತ್ಮೀಯತೆ. ಹೆಸರು ಹಿಡಿದು ಅಥವಾ ಅಮ್ಮಾ ಎಂದು ಕರೆಯಿರಿ. ನಿಮ್ಮ ಮನೆಯವರ ಬಗ್ಗೆ ಒಂದು ಮಾತು ಹೇಳಿ. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿ. ಬಳಕೆದಾರರು ಮರುದಿನ ಬಂದೇ ಬರುತ್ತಾರೆ.'

ಅದರ ಕೆಳಗೆ ಅವಳದೇ ವಾಕ್ಯ. 'ಆ ಮರಿ ದೊಡ್ಡದಾದ ಮೇಲೆ ಯಾರ ಹಿಂದೆ ನಡೆಯುತ್ತದೆ?'

ಧಮ್ಮಶೀಲಾ ಆ ಸಾಲುಗಳನ್ನು ಎರಡು ಸಲ ಓದಿದಳು. 'ಇದು... ಇದು ಹೀಗಲ್ಲ! ನಾನು ಹೀಗೆ ಬರೆದು ಕಳಿಸಿರಲಿಲ್ಲ!'

ಕತ್ತಲಲ್ಲೇ ಅವಳು ಮುಂದಿನ ಸಾಲು ನೋಡಿದಳು. ಮರೆಮ್ಮ ಮಗನ ತೋಳು ಅಲ್ಲಾಡಿಸುತ್ತಿದ್ದಳು.

"ಏನ್ ಬರ್ದಾರೋ ನನ್ನ ಬಗ್ಗೆ? ಓದಿ ಹೇಳೋ..."

ಅಂಬರೀಶ ಪರದೆಯಿಂದ ಕಣ್ಣು ತೆಗೆಯದೆ ಹೇಳಿದ. "ಭಾಳ ಹೊಗಳ್ಯಾರವ್ವ."

* * *

ಹಾಲಿನ ಹೊರಗೆ ಒಪ್ಪವಾಗಿ ಪೇರಿಸಿದ ಕಲ್ಲಿನ ಚಪ್ಪಡಿಗಳ ಹತ್ತಿರ ಅವಳು ಅವನನ್ನು ಓಡಿಬಂದು ಹಿಡಿದಳು.

"ಅಂಬರೀಶ್, ಒಂದ್ ನಿಮಿಷ ಕೇಳ್ರಿ..."

"ಸುಳ್ಳು ಬಿಡಬೇಕಂತ ನಾ ನಿಮ್ಮ ಹತ್ರ ಬಂದಿದ್ದೆ," ಎಂದ ಅವನು. ದನಿ ಏರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು. "ಇವತ್ತ ಎಲ್ಲಕ್ಕಿಂತ ದೊಡ್ಡ ಸುಳ್ಳು ಅವ್ವಗ ಹೇಳಿ ಬಂದೀನಿ."

"ಅದನ್ನ ನಾ ಹಂಗ ಬರಿಲಿಲ್ಲರಿ! ಅವ್ರು..."

"ಒಂದೇ ಒಂದು ಕೇಳ್ತೀನಿ. ಪಗಾರ ಇಲ್ದಿದ್ರ ನಮ್ಮವ್ವಂದು ಓದ್ತಿದ್ರೇನು?"

ಅವಳು ಬಾಯಿ ತೆರೆದಳು.

'ಹೌದು' ಎಂದುಬಿಡಬಹುದಿತ್ತು. ಅಷ್ಟೇ ಸಾಕಿತ್ತು ಅವನಿಗೆ. ಆದರೆ ಅದು ನಿಜವೇ? ಪಗಾರ ಇಲ್ಲದಿದ್ದರೆ ಅವಳು ಆ ದಿನ ಆ ಕೋಣೆಯಲ್ಲೇ ಇರುತ್ತಿರಲಿಲ್ಲ. ಮರೆಮ್ಮ ಎಂಬ ಹೆಸರೂ ಗೊತ್ತಾಗುತ್ತಿರಲಿಲ್ಲ. ಸುಳ್ಳಿನಿಂದ ಇಷ್ಟು ನೊಂದವನಿಗೆ ಇನ್ನೊಂದು ಸುಳ್ಳನ್ನು ಹೇಗೆ ಹೇಳುವುದು?

ಅವಳ ನಾಲಿಗೆ ಏಳಲಿಲ್ಲ.

ಅಂಬರೀಶ ತಲೆಯಾಡಿಸಿದ, ಉತ್ತರ ಸಿಕ್ಕವನಂತೆ. "ಆತು," ಎಂದ. "ಬರ್ತೀನ್ರಿ."

ಅಂದು ಸಂಜೆ ಏಳಕ್ಕೆ ಫೋನು ಬರಲಿಲ್ಲ. ಮರುದಿನವೂ ಇಲ್ಲ. ಅವಳೇ ಮಾಡಿದರೆ ಎತ್ತಲಿಲ್ಲ.

ಪ್ರೇಮಲಾ ಮಾತ್ರ ಫೋನು ಮಾಡಿದಳು. "ಸೂಪರ್ ಶೀಲಾ! ಇನ್ನು ಐದುನೂರು ಜನಕ್ಕೆ ಇದೇ ಮಾಡು. ಒಬ್ಬೊಬ್ಬರದನ್ನೂ ಓದ್ತಾ ಕೂತರೆ ಆಗಲ್ಲ, ಗೊತ್ತು. ಇಪ್ಪತ್ತು ವಾಕ್ಯ ಕಳಿಸಿದ್ದೀನಿ. ಅಂಟಿಸ್ತಾ ಹೋಗು ಅಷ್ಟೆ."

'ನಿಮ್ಮ ಬರಹ ನನ್ನ ಹೃದಯ ಮುಟ್ಟಿತು. ಹೀಗೇ ಬರೆಯುತ್ತಿರಿ.'

ಒಂದಕ್ಕೆ ಅಂಟಿಸಿದಳು. ಎರಡಕ್ಕೆ ಅಂಟಿಸಿದಳು. ಮೂರನೆಯದಕ್ಕೆ ಅಂಟಿಸಿದ ಮೇಲೆ ಕಣ್ಣು ಅಪ್ಪಿತಪ್ಪಿ ಬರಹದ ಮೇಲೆ ಹೋಯಿತು. ಯಾರೋ ಒಬ್ಬ ತಾಯಿ, ಮಗಳನ್ನು ಮಣ್ಣು ಮಾಡಿ ಬಂದ ದಿನದ ಬಗ್ಗೆ ಬರೆದಿದ್ದಳು.

ಅದರ ಕೆಳಗೆ ಅವಳ ಹೆಸರಿನಲ್ಲಿ... 'ಹೀಗೇ ಬರೆಯುತ್ತಿರಿ'!

ಧಮ್ಮಶೀಲಾ ಆ ಸಾಲು ಅಳಿಸಿದಳು. ಆ ತಾಯಿಯ ಬರಹವನ್ನು ಮೊದಲಿನಿಂದ ಓದಿದಳು. ಹುಡುಗಿಯ ಹೆಸರು ಏನೆಂದು ಕೇಳಿ ಎರಡು ಸಾಲು ಬರೆದಳು. ಆಮೇಲೆ ಪ್ರೇಮಲಾಳಿಗೆ ರಾಜೀನಾಮೆ ಕಳಿಸಿದಳು.

* * *

ಜಹೀರಾಬಾದಿನ ಒಂದು ಟೈಪಿಂಗ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಕನ್ನಡ, ತೆಲುಗು, ಉರ್ದು ಅರ್ಜಿಗಳು. ದಿನವಿಡೀ ಬೇರೆಯವರ ಮಾತು ಟೈಪು ಮಾಡುವುದು. ಸಂಜೆ ಬಸ್ಸಿನಲ್ಲಿ ತನ್ನ ಹಳೆಯ ಜನರ ಬರಹ ಓದುವುದು. ಬಂಡಮ್ಮನಿಗೆ ಎರಡು ಸಾಲು, ಸಾಯಮ್ಮನಿಗೆ ಎರಡು ಸಾಲು...

ಕೊನೆಗೆ ಮರೆಮ್ಮನ ಖಾತೆ. ಹೊಸದೇನೂ ಇರುತ್ತಿರಲಿಲ್ಲ. ಅಂಬರೀಶ ಬರೆಯುವುದು ಬಿಟ್ಟಿದ್ದ.

ಅವಳು ಬಿಡಲಿಲ್ಲ. ಹಳೆಯ ಬರಹಗಳನ್ನೇ ದಿನಕ್ಕೊಂದರಂತೆ ಮತ್ತೆ ಓದಿ ಅದರ ಕೆಳಗೆ ಬರೆಯುವಳು. 'ಅಮ್ಮಾ, ಕುಂಟುತ್ತಿದ್ದ ಕೆಂದಿ ಕುರಿಯ ಕಾಲು ವಾಸಿಯಾಯಿತೇ?' 'ಅಮ್ಮಾ, ಮಂಜೀರಾ ಸೇತುವೆ ಮೇಲೆ ಹೆದರಿದ ಹಿಂಡು ಈ ವರ್ಷ ದಾಟಿತೇ?' ಉತ್ತರ ಬರುತ್ತಿರಲಿಲ್ಲ.

"ಯಾಕ ಹಿಂಗ ಸೊರಗಾಕತ್ತಿ?" ಅಂಜಮ್ಮ ಕೇಳಿದಳು ಒಂದು ದಿನ, ತಲೆಗೆ ಎಣ್ಣೆ ಒತ್ತುತ್ತ. "ಯಾರವ ಅವ?"

"ಯಾರೂ ಇಲ್ಲವ್ವ..."

"ಆ ಕುರಿಯವ್ನೇನು?"

ಧಮ್ಮಶೀಲಾ ಮೊಣಕಾಲಿಗೆ ಮುಖ ಒತ್ತಿಕೊಂಡು ಅತ್ತುಬಿಟ್ಟಳು. ಅಂಜಮ್ಮ ಎಣ್ಣೆಯ ಕೈಯಿಂದಲೇ ಮಗಳ ಬೆನ್ನು ಸವರುತ್ತ ಕೂತಳು.

ಎರಡು ತಿಂಗಳು ಕಳೆದ ಒಂದು ಶನಿವಾರ ಮರೆಮ್ಮನ ಹೆಸರಿನ ಪಕ್ಕ ಒಂದು ಬೂದು ಪಟ್ಟಿ ಕಾಣಿಸಿತು. 'ಈ ಖಾತೆ ನಿದ್ರೆಯಲ್ಲಿದೆ.'

ಅವಳಿಗೆ ಕೂತಲ್ಲಿ ಕೂಡಲಾಗಲಿಲ್ಲ. ನಿದ್ರೆ? ಮರೆಮ್ಮನ ಮಾತಿಗೆ ನಿದ್ರೆಯೇ? ತನ್ನಿಂದಾಗಿ ಒಬ್ಬಾಕೆಯ ಬಾಯಿ ಮುಚ್ಚಿತಲ್ಲ! ಮಗ ಮಾತಾಡದಿದ್ದರೆ ಬೇಡ. ಆ ತಾಯಿಯ ಎದುರಾದರೂ ನಿಂತು ನಿಜ ಹೇಳಿಬಿಡಬೇಕು.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸು ಹಿಡಿದಳು.

* * *

ನಾರಾಯಣಖೇಡದಲ್ಲಿ ಬಸ್ಸು ಬದಲಿಸಿ ಸಿರ್ಗಾಪುರ ಸೇರಿ, ಕೇಳುತ್ತ ಕೇಳುತ್ತ ನಡೆದಾಗ ಹತ್ತು ಗಂಟೆಯ ಬಿಸಿಲು. ತೊಗರಿ ಕೊಯ್ದ ಹೊಲದಲ್ಲಿ ಕುರಿಹಿಂಡು. ಬೇವಿನ ಮರದ ಕೆಳಗೆ ಕಂಬಳಿ ಹಾಸಿಕೊಂಡು ಒಬ್ಬ ಮುದುಕ ಕೂತಿದ್ದ. ಫೋನಿನಲ್ಲಿ ಹೆಸರು ಕೇಳಿದ್ದ ಅಂಬರೀಶನ ಅಪ್ಪ ಮಾಳಿಂಗಪ್ಪ ಇವನೇ ಎಂದು ಮುಖ ನೋಡಿಯೇ ತಿಳಿಯಿತು. ಅದೇ ಕಣ್ಣು.

"ಯಾರವ್ವ?"

"ನಾ... ಧಮ್ಮಶೀಲಾರಿ. ಮೊಗುಡಂಪಲ್ಲಿ ಕಡೇಕಿ."

ಮಾಳಿಂಗಪ್ಪ ಅವಳನ್ನು ಬಹಳ ಹೊತ್ತು ನೋಡಿದ. ಹೆಸರು ಕೇಳಿದ ಮೇಲಿನ ಆ ನೋಟ ಅವಳಿಗೆ ಹೊಸದಲ್ಲ. ಅವಳು ಬಿಸಿಲಿನಲ್ಲೇ ನಿಂತಳು.

ಮುದುಕ ಎದ್ದ. ಕಂಬಳಿ ಎತ್ತಿ ಕೊಡವಿದ. ನೆರಳು ದಟ್ಟವಾಗಿದ್ದ ಕಡೆಗೆ ಅದನ್ನು ಮತ್ತೆ ಹಾಸಿ, "ಕೂಡು," ಎಂದ. ಆಮೇಲೆ ಕುರಿಗಳತ್ತ ತಿರುಗಿ ಕೂಗಿದ. "ಏಯ್... ನಿನ್ನ ಓದಾಕಿ ಬಂದಾಳ ನೋಡು!"

ಮರೆಮ್ಮ ಸೀರೆ ಮೇಲೆತ್ತಿ ಕಟ್ಟಿಕೊಂಡು ಓಡೋಡಿ ಬಂದಳು. ಬಂದವಳೇ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. "ಎಷ್ಟು ಸಣ್ಣಾಗೀದಿ!"

ಧಮ್ಮಶೀಲಾ ಎಲ್ಲ ಹೇಳಿದಳು. ಪರದೆಯ ಮೇಲೆ ಏನು ಬರೆದಿತ್ತು, ತಾನು ಯಾಕೆ ಓದಲು ಶುರು ಮಾಡಿದೆ, ಅಂಬರೀಶ ಏನು ಕೇಳಿದ, ತಾನು ಯಾಕೆ ಸುಮ್ಮನೆ ನಿಂತೆ... ಒಂದನ್ನೂ ಬಚ್ಚಿಡಲಿಲ್ಲ.

ಮರೆಮ್ಮ ತಲೆ ಬಗ್ಗಿಸಿ ಕೇಳಿದಳು.

"ಹೊಗಳಿ ಬರ್ದಾರಂತ ಅಂದ ಮಗ. ಆದ್ರ ಅವನ ಮಾರಿ ಹಂಗಿರ್ಲಿಲ್ಲ," ಎಂದಳು ಕೊನೆಗೆ. "ಕುರಿ ಮಾರಿ ನೋಡಿ ಜಡ್ಡು ಹೇಳಾಕಿ ನಾ. ನನ್ನ ಮಗಂದು ತಿಳಿಯಂಗಿಲ್ಲೇನು? ಅಂದಿನಿಂದ ಅವ ಬರಿಯಾಕ ಒಲ್ಲೆ ಅಂದ, ಯಾಕಂತ ನಾ ಕೇಳ್ಲಿಲ್ಲ."

"ನಂಗ ಕ್ಷಮಾ ಮಾಡ್ರಿ ಅಮ್ಮಾ..."

"ಯಾತಕ್ಕ? ನಿಮ್ಮಪ್ಪ ದನದ ದವಾಖಾನ್ಯಾಗ ಇದ್ದಾನಂತ ನೀನಽ ಬರ್ದಿದ್ದಿ. ಅವನೂ ಪಗಾರ ತಗೋತಾನ. ಹಂಗಂತ ಅವ ಜಡ್ಡಿನ ದನದ ಮೈ ಸವರಿದ್ದು ಸುಳ್ಳಾಗ್ತದೇನು? ಪಗಾರಕ್ಕ ಬಂದಿ, ಖರೇ. ಕೈ ನಿಂದಽ ಇತ್ತಲ್ಲ!"

ಎರಡು ತಿಂಗಳಿಂದ ಎದೆಯ ಮೇಲಿದ್ದ ಚಪ್ಪಡಿ ಸರಿದಂತಾಯಿತು ಅವಳಿಗೆ. ಮರೆಮ್ಮನ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿದಳು. ಮರೆಮ್ಮನ ಸೀರೆಗೆ ಕುರಿಯ ವಾಸನೆ, ಬಿಸಿಲ ವಾಸನೆ.

ಅಷ್ಟರಲ್ಲಿ ಹೊಲದ ಬದುವಿನ ಮೇಲೆ ಬೈಕಿನ ಸದ್ದು. ಧೂಳು. ಬೈಕು ಸ್ಟ್ಯಾಂಡಿಗೆ ಹಾಕದೆಯೇ ಬದುವಿಗೆ ಒರಗಿಸಿ ಒಬ್ಬ ಓಡಿ ಬರುತ್ತಿದ್ದ.

ಅಂಬರೀಶ!

"ನೀವು ಇಲ್ಲಿ ಕುಂತೀರಿ..." ಏದುಸಿರು ಬಿಡುತ್ತ ನಿಂತ. "ನಾ ಮುಂಜಾನಿ ಐದಕ್ಕ ತಾಂಡೂರು ಬಿಟ್ಟೀನಿ! ಜಹೀರಾಬಾದು, ಮೊಗುಡಂಪಲ್ಲಿ... ನಿಮ್ಮ ಮನಿಗಿ ಹೋದ್ರ ನಿಮ್ಮವ್ವ 'ನನ್ನ ಮಗಳು ಸಿರ್ಗಾಪುರಕ್ಕ ಹೋಗ್ಯಾಳ, ನೀ ಇಲ್ಲಿ ಯಾಕ ಬಂದಿ?' ಅಂತ ಬೈದ್ರು! ಒಂದ್ ತಂಬಗಿ ನೀರು ಕೊಟ್ಟು ಬೈದ್ರು!"

ಮಾಳಿಂಗಪ್ಪ ಗಟ್ಟಿಯಾಗಿ ಕೆಮ್ಮಿದ. "ಏ ಇಕಿನಽ, ಕುರಿ ಆ ಕಡಿ ಹೋಗ್ಯಾವ, ಬಾ," ಎಂದ ಹೆಂಡತಿಗೆ. ಕುರಿಗಳು ಎಲ್ಲೂ ಹೋಗಿರಲಿಲ್ಲ. ಮರೆಮ್ಮ ನಗು ನುಂಗಿಕೊಂಡು ಗಂಡನ ಹಿಂದೆ ನಡೆದಳು.

ಬೇವಿನ ನೆರಳಲ್ಲಿ ಇಬ್ಬರೇ ಉಳಿದರು.

"ಯಾಕ ಹುಡುಕ್ಕೊಂಡು ಹೋದ್ರಿ?" ಅವಳು ನೆಲ ನೋಡುತ್ತ ಕೇಳಿದಳು.

"ನಿನ್ನೆ ಒಂದು ಫೋನ್ ಬಂತು. ದ್ರೌಪದಿ ಅಂತ ಯಾರೋ. 'ನಿಮ್ಮ ತಾಯಿ ಭಾಳ ದಿನದಿಂದ ಬರೆದಿಲ್ಲ, ವಾಪಸ್ ಬರ್ರಿ' ಅಂದ್ಳು. ನಾ ಸಿಟ್ಟಿನಿಂದ 'ಧಮ್ಮಶೀಲಾ ಅವ್ರಿಗೇ ಮಾತಾಡಾಕ ಹೇಳ್ರಿ' ಅಂದೆ. 'ಅವ್ರು ಕೆಲ್ಸ ಬಿಟ್ಟು ಎರಡು ತಿಂಗಳಾತಲ್ಲರಿ, ನಾ ಅವ್ರ ಜಾಗಕ್ಕ ಬಂದಾಕಿ' ಅಂದ್ಳು..."

ಅವನು ಮುಖದ ಧೂಳನ್ನು ತೋಳಿನಿಂದ ಒರೆಸಿಕೊಂಡ.

"ಎರಡು ತಿಂಗಳು! ಅವ್ವನ ಬರಹದ ಕೆಳಗ ದಿನಾ ನಿಮ್ಮ ಹೆಸರು ಬರ್ತಿತ್ತು. ಕೆಲ್ಸ ಮಾಡಾಕತ್ತಾಳ ಅಂತ ತಿಳ್ಕೊಂಡು ನಾ ತೆರೀತಾನೇ ಇರ್ಲಿಲ್ಲ. ನಿನ್ನೆ ಕುಂತು ಎಲ್ಲಾ ಓದಿದೆ. ಐವತ್ತೆಂಟು ಪ್ರಶ್ನಿ! ಯಾರ ಪಗಾರಕ್ಕ ಬರದ್ರಿ ಅವನ್ನ?"

ಧಮ್ಮಶೀಲಾ ಈಗ ತಲೆ ಎತ್ತಿದಳು. ಕಣ್ಣು ತುಂಬಿದ್ದರೂ ಮಾತು ನಡುಗಲಿಲ್ಲ.

"ಅವತ್ತ ನೀವು ಕೇಳಿದ್ದಕ್ಕ ಉತ್ತರ ಇವತ್ತ ಹೇಳ್ತೀನಿ. ಪಗಾರ ಇಲ್ದಿದ್ರ ನಾ ಮೊದಲ್ನೇದು ಓದ್ತಿರ್ಲಿಲ್ಲ. ಅದು ಖರೇ. ಎರಡ್ನೇದಕ್ಕ ಪಗಾರ ನೆನಪಿರ್ಲಿಲ್ಲ. ಆಮ್ಯಾಲ... ಅಮ್ಮನ ಮಾತು ಓದ್ತಿದ್ದೆ, ಆದ್ರ ಬರ್ದ ಕೈ ಯಾರದು ಅಂತ ಗೊತ್ತಿತ್ತಲ್ಲ. ಏಳಕ್ಕ ಫೋನ್ ಬರದ ದಿನ ನಂಗ ಊಟ ಸೇರ್ತಿರ್ಲಿಲ್ಲರಿ. ಇನ್ನೇನ್ ಹೇಳ್ಲಿ?"

ಅಂಬರೀಶ ಕಂಬಳಿಯ ಅಂಚಿನಲ್ಲಿ ಮೊಣಕಾಲೂರಿ ಕೂತ. ಕಲ್ಲಿನ ಪುಡಿಯಿಂದ ಒರಟಾದ ಬೆರಳುಗಳು ಅವಳ ಬೆರಳುಗಳ ಹತ್ತಿರ ಬಂದು, ಮುಟ್ಟಲೋ ಬೇಡವೋ ಎಂದು ನಿಂತವು. ಅವಳೇ ಹಿಡಿದಳು.

"ತಪ್ಪಾತು ನಂದು," ಎಂದ. "ಸುಳ್ಳು ಹೇಳಬಾರದಂತ ಸುಮ್ಮ ನಿಂತಾಕಿನ್ನ ಸುಳ್ಳಿ ಅಂತ ತಿಳ್ಕೊಂಡೆ. ನಾ ಬರಹಗಾರ ಅಲ್ಲ. ಇಷ್ಟು ದಿನ ಅವ್ವನ ಮಾತು ಬರ್ದೆ. ನನ್ನ ಸ್ವಂತದ್ದು ಅಂತ ಒಂದೇ ಮಾತದ. ನಿಮ್ಮ ಬಿಟ್ಟು ಇರಾಕ ಆಗಂಗಿಲ್ಲ ನನ್ನ ಕೈಲೆ."

ಅವಳು ಅಳುತ್ತಲೇ ನಕ್ಕಳು.

"ನಿಮ್ಮ ಕಡೇರು, ನಮ್ಮ ಕಡೇರು... ಮಂದಿ ಸುಮ್ಮನಿರಂಗಿಲ್ಲರಿ."

"ನಮ್ಮಪ್ಪ ಆ ಕಂಬಳಿ ಮ್ಯಾಲ ನಮ್ಮ ಸ್ವಾದರಮಾವಗೂ ಕೂಡಂತ ಹೇಳಿಲ್ಲ ಇನ್ನಾ. ನಿಮಗ ಹಾಸ್ಯಾನ. ಉಳಿದೋರ ಜೋಡಿ ನಾ ಮಾತಾಡ್ತೀನಿ. ಬೈಸ್ಕೊಳ್ಳೋದಿದ್ರೂ ಇಬ್ರೂ ಕೂಡೇ ಬೈಸ್ಕೊಳ್ಳೋಣು." ಒಂದು ಕ್ಷಣ ತಡೆದ. "ಆದ್ರ ಒಂದ್ ಶರತ್ತು. ಆ 'ರಿ' ಬಿಟ್ಬಿಡ್ರಿ."

"ನೀವೂ ಅಂತೀರಲ್ಲರಿ!"

"ನಾನೂ ಬಿಡ್ತೀನಿ. ಮೊದಲು ನೀ."

'ನೀ.' ಆ ಒಂದಕ್ಷರಕ್ಕೆ ಅವಳ ಕೆನ್ನೆ ಬಿಸಿಯಾಯಿತು. ಪ್ರೀತಿ ಹೇಳಿಕೊಳ್ಳುವುದಕ್ಕಿಂತ ಇದು ಕಷ್ಟವಾಯಿತಲ್ಲ! ತುಟಿಯವರೆಗೆ ಬಂದ ಮಾತು ಎರಡು ಸಲ ಒಳಗೆ ಹೋಯಿತು.

ಕೊನೆಗೆ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ, ಅವನನ್ನು ನೋಡದೆ ಕೇಳಿದಳು.

"ಸಂಜಿಕ ನನ್ನ... ನಮ್ಮೂರಿಗಿ ಬಿಡ್ತೀಯೇನು?"

ಅಂಬರೀಶ ಅವಳ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದ.

"ನಿಮ್ಮೂರಿಗಿ ಬಿಡ್ತೀನಿ. ನಿನ್ನ ಮಾತ್ರ ಬಿಡಂಗಿಲ್ಲ."